ಯೆಜ್ಡಿ ಕ್ರೋಮ್ ಮೇಲೆ ಕಂದು ಚುಕ್ಕೆ: ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು?

ಕಬಿನಿ_ಯೆಜ್ಡಿ

ಎಲ್ಲರಿಗೂ ನಮಸ್ಕಾರ. ಎಂಬತ್ತರ ದಶಕದ ಯೆಜ್ಡಿ 250 ಒಂದು ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ, ತೊಂದರೆ ಇರುವುದು ಕ್ರೋಮ್‌ನಲ್ಲಿ. ಗಾಡಿ ಬಹಳ ವರ್ಷ ತೇವದ ಶೆಡ್‌ನಲ್ಲಿ ನಿಂತಿತ್ತಂತೆ. ಎರಡೂ ಸೈಲೆನ್ಸರ್ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳಿವೆ. ರಿಮ್‌ನಲ್ಲಿ ಸ್ಪೋಕ್ ಸೇರುವ ಕಡೆಯೆಲ್ಲ ತುಕ್ಕು. ಬೆಂಡ್ ಪೈಪ್ (ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬಾಗಿದ ಕೊಳವೆ) ಎಂಜಿನ್ ಹತ್ತಿರ ನೀಲಿಯಾಗಿದೆ. ಹ್ಯಾಂಡಲ್ ಬಾರ್ ಪರವಾಗಿಲ್ಲ.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಟಾಯ್ಲೆಟ್ ಕ್ಲೀನರ್ ಹಾಕಿ ಅಂತ ಒಬ್ಬರು, ಪೀತಾಂಬರಿ ಅಂತ ಇನ್ನೊಬ್ಬರು, ಎಮರಿ ಪೇಪರ್ ಹಿಡಿದು ಉಜ್ಜಿ ಅಂತ ಮತ್ತೊಬ್ಬರು. ಮೈಸೂರಿನ ಕಾರ್ಖಾನೆಯಿಂದ ಬಂದಾಗಿನ ಕ್ರೋಮ್ ಇದು, ಆದಷ್ಟು ಉಳಿಸಿಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ?

ಹಳೇಗಾಡಿ

ಮೊದಲು ಆ ಮೂರೂ ಸಲಹೆಗಳನ್ನು ಪಕ್ಕಕ್ಕಿಡಿ. ಟಾಯ್ಲೆಟ್ ಕ್ಲೀನರ್‌ನಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್. ಅದು ಕ್ರೋಮಿಯಂ ಲೋಹವನ್ನೇ ಕರಗಿಸುತ್ತದೆ. ತುಕ್ಕು ಹೋಗುತ್ತದೆ ನಿಜ, ಜೊತೆಗೆ ಕ್ರೋಮೂ ಹೋಗುತ್ತದೆ. ಹಚ್ಚಿದ ದಿನ ಫಳಫಳ ಕಾಣುತ್ತದೆ, ಆಮೇಲೆ ಹಳದಿ ಛಾಯೆಯ ನಿಕ್ಕಲ್ ಮೇಲೆ ಬರುತ್ತದೆ.

ಒಂದು ವಿಷಯ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಕ್ರೋಮ್‌ಗೆ ತುಕ್ಕು ಹಿಡಿಯುವುದಿಲ್ಲ. ತುಕ್ಕು ಹಿಡಿಯುವುದು ಅದರ ಕೆಳಗಿನ ಉಕ್ಕಿಗೆ. ಅಲಂಕಾರದ ಕ್ರೋಮ್ ಪದರ ಬಹಳ ತೆಳು, ಅರ್ಧ ಮೈಕ್ರಾನ್ ಇದ್ದರೆ ಹೆಚ್ಚು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಅಂದರೆ ಅಂದಾಜು ಸಿಗಬಹುದು. ಉಕ್ಕನ್ನು ನಿಜವಾಗಿ ಕಾಯುವುದು ಕ್ರೋಮ್ ಕೆಳಗಿರುವ ನಿಕ್ಕಲ್. ಅದು ಕ್ರೋಮ್‌ಗಿಂತ ಎಷ್ಟೋ ಪಟ್ಟು ದಪ್ಪ. ಕೆಲವು ಕಡೆ ನಿಕ್ಕಲ್ ಕೆಳಗೆ ತಾಮ್ರವೂ ಇರುತ್ತದೆ.

ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು, ರಂಧ್ರಗಳು ಇದ್ದೇ ಇರುತ್ತವೆ. ತೇವ ಅಲ್ಲಿಂದ ಇಳಿಯುತ್ತದೆ. ನಿಕ್ಕಲ್‌ನಲ್ಲೂ ಎಲ್ಲೋ ಒಂದು ತೂತು ಸಿಕ್ಕಿದರೆ ನೀರು ಉಕ್ಕಿಗೆ ಮುಟ್ಟುತ್ತದೆ. ಸತುವಿನ ಲೇಪ ಆಗಿದ್ದರೆ ಅದು ತಾನು ಸವೆದು ಉಕ್ಕನ್ನು ಉಳಿಸುತ್ತಿತ್ತು. ನಿಕ್ಕಲ್ ಹಾಗೆ ಮಾಡುವುದಿಲ್ಲ. ಎರಡು ಲೋಹ ಸೇರಿದ ಕಡೆ ನೀರು ನಿಂತರೆ ಅಲ್ಲಿ ಉಕ್ಕೇ ಬೇಗ ತಿಂದುಹೋಗುತ್ತದೆ. ನೀವು ಕಾಣುತ್ತಿರುವ ಒಂದೊಂದು ಚುಕ್ಕೆಯೂ ಒಂದೊಂದು ತೂತಿನ ಬಾಯಿ. ಅದನ್ನು ಉಜ್ಜಿ ಮುಚ್ಚಲು ಆಗುವುದಿಲ್ಲ. ಬಾಯಿ ಸ್ವಚ್ಛ ಮಾಡಿ, ಒಣಗಿಸಿ, ನೀರು ಮತ್ತೆ ಇಳಿಯದ ಹಾಗೆ ಮೇಲೊಂದು ಪದರ ಕಟ್ಟಬೇಕು. ಅಷ್ಟೇ ಕೆಲಸ.

ಎಮರಿ ಪೇಪರ್ ಯಾಕೆ ಬೇಡ ಅಂದರೆ ಅದರ ಪುಡಿ ಕ್ರೋಮ್‌ಗಿಂತ ಗಟ್ಟಿ. ಪಾತ್ರೆ ತೊಳೆಯುವ ಹಸಿರು ಸ್ಕ್ರಬ್ಬರ್‌ನಲ್ಲೂ ಅದೇ ಥರದ ಪುಡಿ ಇರುತ್ತದೆ. ಎರಡೂ ಗೀರು ಬಿಡುತ್ತವೆ, ಆ ಗೀರು ಜನ್ಮದಲ್ಲಿ ಹೋಗುವುದಿಲ್ಲ.

ಬುಲೆಟ್_ಹಾಸನ

ಪೀತಾಂಬರಿ ಬಗ್ಗೆ ಹೇಳಲಿಲ್ಲ. ನಮ್ಮ ಕಡೆ ತುಂಬಾ ಜನ ಹಾಕುತ್ತಾರೆ. ವಿಭೂತಿಯಲ್ಲಿ ಬೆಳ್ಳಿ ತಿಕ್ಕುವ ಹಾಗೆ ಕ್ರೋಮ್ ತಿಕ್ಕುವವರೂ ಇದ್ದಾರೆ.

ಹಳೇಗಾಡಿ

ಪೀತಾಂಬರಿ ಹಿತ್ತಾಳೆ, ತಾಮ್ರಕ್ಕೆ ಮಾಡಿದ್ದು. ಹುಣಸೆ ಹಣ್ಣೂ ಅಷ್ಟೇ. ಅವುಗಳ ಹುಳಿ ತಾಮ್ರದ ಮೇಲಿನ ಕಪ್ಪನ್ನು ತೆಗೆಯುತ್ತದೆ. ಕ್ರೋಮ್ ಹಾಗೆ ಕಪ್ಪಾಗುವ ಲೋಹವೇ ಅಲ್ಲ, ಹಾಗಾಗಿ ಅದಕ್ಕೆ ಹುಳಿಯ ಅಗತ್ಯ ಇಲ್ಲ. ಪುಡಿ ತೂತಿನೊಳಗೆ ಉಳಿದರೆ ತೇವ ಹಿಡಿದುಕೊಳ್ಳುತ್ತದೆ. ನುಣ್ಣನೆಯ ವಿಭೂತಿ ಏನೂ ಕೆಡಿಸಲಿಕ್ಕಿಲ್ಲ. ಆದರೆ ಒಲೆಯ ಬೂದಿಯಲ್ಲಿ ಒಂದು ಮರಳಿನ ಕಣ ಇದ್ದರೂ ಸಾಕು, ಗೀರು ಬೀಳುತ್ತದೆ. ಅದಕ್ಕೇ ನಾನು ಬಳಸುವುದಿಲ್ಲ.

ಕಬಿನಿಯವರಿಗೆ, ನಾನು ಮಾಡುವ ಕ್ರಮ ಹೇಳುತ್ತೇನೆ. ಗಾಡಿ ಪೂರ್ತಿ ತಣ್ಣಗಿರಬೇಕು. ಬಿಸಿ ಸೈಲೆನ್ಸರ್ ಮೇಲೆ ತಣ್ಣೀರು ಬೀಳಬಾರದು. ಮೊದಲು ಸುಮ್ನೆ ನೀರು ಹರಿಸಿ ಮಣ್ಣು ಇಳಿಸಿ, ಆಗ ಬಟ್ಟೆ ಮುಟ್ಟಿಸಬೇಡಿ. ಆಮೇಲೆ ಗಾಡಿ ಶಾಂಪೂ ಹಾಕಿ ಮೆತ್ತನೆ ಬಟ್ಟೆಯಲ್ಲಿ ತೊಳೆಯಿರಿ. ಯೆಜ್ಡಿ ಎರಡು ಸ್ಟ್ರೋಕ್ ಗಾಡಿ, ಸೈಲೆನ್ಸರ್ ಬಾಲದ ಹತ್ತಿರ ಸುಟ್ಟ ಎಣ್ಣೆ ಅಂಟಿರುತ್ತದೆ. ಅದಕ್ಕೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು. ಆದರೆ ಬ್ರೇಕ್ ಡ್ರಮ್ ಕಡೆ ಒಂದು ಹನಿಯೂ ಹೋಗಬಾರದು.

ಒಣಗಿದ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಗೊಂಡು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಚುಕ್ಕೆಯ ಮೇಲೆ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಬಹಳ ಮೆತ್ತಗಿನ ಲೋಹ. ತುಕ್ಕು ಬಿಡಿಸುತ್ತದೆ, ಹೊಳಪಿಗೆ ಏನೂ ಆಗುವುದಿಲ್ಲ. ಕಪ್ಪು ಬಣ್ಣದ ಗಸಿ ಬರುತ್ತದೆ, ಗಾಬರಿಯಾಗಬೇಡಿ, ಒರೆಸುತ್ತಾ ಹೋಗಿ. ಕೋಲಾ ಹಾಕಬೇಕು ಅಂತ ಹೇಳುವವರಿದ್ದಾರೆ. ಬೇಕಾಗಿಲ್ಲ. ಸಕ್ಕರೆ ಅಂಟಿಕೊಂಡು ಕೆಲಸ ಜಾಸ್ತಿಯಾಗುತ್ತದೆ, ಅಷ್ಟೇ.

ಫಾಯಿಲ್‌ಗೆ ಬಗ್ಗದ ಚುಕ್ಕೆಗೆ ನಾಲ್ಕು ಸೊನ್ನೆಯ (0000, ಅತಿ ನಯವಾದ ದರ್ಜೆಯ) ಸ್ಟೀಲ್ ವುಲ್, ಅದೂ ಒಂದೆರಡು ಹನಿ ಎಣ್ಣೆಯ ಜೊತೆ. ಕೊನೆಗೆ ಆಟೋಸೋಲ್ ಥರದ ಮೆಟಲ್ ಪಾಲಿಶ್ ಸ್ವಲ್ಪವೇ ಸ್ವಲ್ಪ. ಆಮೇಲೆ ವ್ಯಾಕ್ಸ್.

ಮಲ್ಪೆ_ರೈಡರ್

ಸ್ಟೀಲ್ ವುಲ್ ವಿಷಯದಲ್ಲಿ ನನಗೆ ಒಪ್ಪಿಗೆ ಇಲ್ಲ. ಅದರ ಎಳೆಗಳು ಮುರಿದು ತೂತಿನಲ್ಲಿ, ಸ್ಪೋಕ್ ಸಂದಿಯಲ್ಲಿ ಕೂರುತ್ತವೆ. ಆ ಎಳೆಗಳಿಗೇ ತುಕ್ಕು ಹಿಡಿದು ಹೊಸ ಚುಕ್ಕೆ ಕಾಣಿಸುತ್ತದೆ. ಕಡಲ ಪಕ್ಕದ ಗಾಳಿಗೆ ಇದು ಇನ್ನೂ ಬೇಗ. ನಾನು ಹಿತ್ತಾಳೆ ತಂತಿಯ ಮೆತ್ತನೆ ಉಣ್ಣೆ ಬಳಸುತ್ತೇನೆ. ಅದು ಉಳಿದರೂ ತುಕ್ಕಾಗುವುದಿಲ್ಲ.

ಕರಾವಳಿಯವರು ಇನ್ನೊಂದು ವಿಷಯ ಗಮನಿಸಿ. ಇಲ್ಲಿ ಗಾಡಿ ಓಡಿಸದಿದ್ದರೂ ಉಪ್ಪು ಬಂದು ಕೂರುತ್ತದೆ. ಬೆರಳು ಆಡಿಸಿದರೆ ಅಂಟಂಟು ಅನ್ನಿಸುತ್ತದೆ ಅಲ್ವಾ, ಅದೇ. ಆ ಉಪ್ಪಿನ ಮೇಲೆ ಒಣ ಬಟ್ಟೆ ಎಳೆಯಬೇಡಿ. ಮೊದಲು ಸಿಹಿನೀರು, ಆಮೇಲೆ ಬಟ್ಟೆ. ಬೀಚ್‌ಗೆ ಹೋಗಿ ಬಂದ ದಿನವೇ ತೊಳೆಯಬೇಕು, ಭಾನುವಾರಕ್ಕೆ ಕಾಯಬಾರದು. ಸ್ಟೇನ್‌ಲೆಸ್ ಅಂತ ನಂಬಿ ಬಿಟ್ಟ ಬೋಲ್ಟ್‌ಗಳಿಗೂ ಉಪ್ಪು ಚುಕ್ಕೆ ಬರಿಸುತ್ತದೆ.

ಹಳೇಗಾಡಿ

ಎಳೆಯ ಮಾತು ಸರಿ. ಹಿತ್ತಾಳೆ ಉಣ್ಣೆ ಸಿಗುವವರು ಅದನ್ನೇ ಬಳಸಿ. ಸ್ಟೀಲ್ ವುಲ್ ಬಳಸಿದವರು ಕೆಲಸ ಮುಗಿದ ಮೇಲೆ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಮೇಲೆ ಆಡಿಸಿದರೆ ಎಳೆಗಳು ಬರುತ್ತವೆ.

ಅಯಸ್ಕಾಂತದ ಮಾತು ಬಂದಿದ್ದರಿಂದ ಹೇಳುತ್ತೇನೆ, ಕೆಲಸಕ್ಕೆ ಮುಂಚೆಯೂ ಅದು ಬೇಕು. ಹೊಳೆಯುವುದೆಲ್ಲ ಉಕ್ಕಿನ ಮೇಲಿನ ಕ್ರೋಮ್ ಅಲ್ಲ. ಈಗಿನ ಗಾಡಿಗಳಲ್ಲಿ ಇಂಡಿಕೇಟರ್, ಮೀಟರ್ ಸುತ್ತಿನ ಬಳೆ ಬಹುಪಾಲು ಪ್ಲಾಸ್ಟಿಕ್. ಅಯಸ್ಕಾಂತ ಗಟ್ಟಿಯಾಗಿ ಅಂಟದಿದ್ದರೆ ಅದು ಪ್ಲಾಸ್ಟಿಕ್ ಆಗಿರಬಹುದು, ಅಲ್ಯೂಮಿನಿಯಂ ಆಗಿರಬಹುದು, ಕೆಲವು ಜಾತಿಯ ಸ್ಟೇನ್‌ಲೆಸ್ ಆಗಿರಬಹುದು. ಪ್ಲಾಸ್ಟಿಕ್ ಮೇಲಿನ ಹೊಳಪಿಗೆ ಸೋಪಿನ ನೀರು ಬಿಟ್ಟು ಬೇರೇನೂ ಬೇಡ. ಮೆಟಲ್ ಪಾಲಿಶ್ ಹಾಕಿದರೆ ಒಂದೆರಡು ಸಲಕ್ಕೆ ಪದರ ಎದ್ದು ಹೋಗುತ್ತದೆ.

ಬುಲೆಟ್_ಹಾಸನ

ಬೆಂಡ್ ಪೈಪ್ ನೀಲಿ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಬುಲೆಟ್‌ದು ಮೊದಲು ಚಿನ್ನದ ಬಣ್ಣ, ಆಮೇಲೆ ನೀಲಿ ಆಯಿತು. ಫೋರ್ಕ್ ಪೈಪ್ (ಮುಂದಿನ ಚಕ್ರ ಹಿಡಿದಿರುವ ಕೊಳವೆ) ಮೇಲೂ ಎರಡು ಚುಕ್ಕೆ ಕಾಣುತ್ತಿವೆ. ಅದಕ್ಕೂ ಫಾಯಿಲ್ ಸಾಕಾ?

ಎರಡು_ಸ್ಟ್ರೋಕ್

ನೀಲಿಗೆ ನಾನು ಉತ್ತರಿಸುತ್ತೇನೆ. ಇದು ಕೊಳೆ ಅಲ್ಲ. ಶಾಖಕ್ಕೆ ಲೋಹದ ಮೇಲೆ ಬೆಳೆದ ಆಕ್ಸೈಡ್ ಪದರ. ಪದರದ ದಪ್ಪ ಬದಲಾದ ಹಾಗೆ ಬೆಳಕು ಬೇರೆ ಬೇರೆ ಬಣ್ಣ ತೋರಿಸುತ್ತದೆ. ಒಂದೇ ಗೋಡೆಯ ಪೈಪ್‌ಗಳಲ್ಲಿ ಸ್ವಲ್ಪ ಚಿನ್ನದ ಬಣ್ಣ ಸಹಜ. ಗಾಢ ನೀಲಿ ಬಂದರೆ ಎಂಜಿನ್ ನೋಡಿ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಕಮ್ಮಿಯಾಗಿ ಗಾಳಿ ಜಾಸ್ತಿಯಾಗಿರಬಹುದು. ಪಾಯಿಂಟ್ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ಹಿಂದೆ ಬಿದ್ದಿರಬಹುದು. ಪೈಪ್ ಸೇರುವ ಕಡೆ ಗ್ಯಾಸ್ಕೆಟ್ ಸೋರಿ ಗಾಳಿ ಎಳೆಯುತ್ತಿರಬಹುದು.

ಕಬಿನಿಯವರೇ, ನಿಮ್ಮದು ಎರಡು ಸ್ಟ್ರೋಕ್ ಆದ್ದರಿಂದ ಇದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಪೆಟ್ರೋಲ್ ಕಮ್ಮಿ ಅಂದರೆ ಅದರ ಜೊತೆ ಬರುವ ಎಣ್ಣೆಯೂ ಕಮ್ಮಿ. ಪಿಸ್ಟನ್ ಸೀಜ್ ಆಗುವ, ಅಂದರೆ ಕಚ್ಚಿಕೊಂಡು ನಿಲ್ಲುವ, ದಾರಿ ಅದು. ಮೊದಲು ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗೆ ಒಣಗಿದ್ದರೆ ಇವತ್ತೇ ಗಾಡಿ ನಿಲ್ಲಿಸಿ. ಕಾಫಿ ಬಣ್ಣ ಇದ್ದರೆ ಸರಿ. ಕಾರಣ ಸರಿ ಮಾಡದೆ ನೀಲಿ ಉಜ್ಜಿದರೆ ವಾರದಲ್ಲಿ ವಾಪಸ್ ಬರುತ್ತದೆ, ಪ್ರತಿ ಸಲವೂ ಕ್ರೋಮ್ ಒಂದಿಷ್ಟು ಸವೆಯುತ್ತದೆ.

ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೆಯಲು ಅದನ್ನು ಬೆಂಕಿಗೆ ಹಾಕಿ ಸುಡುವ ಪದ್ಧತಿ ಇದೆ. ದಯವಿಟ್ಟು ಬೇಡ. ಒಳಗೆ ಸ್ವಚ್ಛವಾಗುತ್ತದೆ, ಹೊರಗಿನ ಕ್ರೋಮ್ ಸತ್ತುಹೋಗುತ್ತದೆ. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಭಾಗ) ಹೊರಗೆ ತೆಗೆಯಲು ಬರುತ್ತದೆ, ಅದನ್ನಷ್ಟೇ ತೆಗೆದು ಬೇರೆ ಸ್ವಚ್ಛ ಮಾಡಿ.

ಹಳೇಗಾಡಿ

ಫೋರ್ಕ್ ಪೈಪ್ ಲೆಕ್ಕ ಬೇರೆ. ಅದರ ಮೇಲಿರುವುದು ಗಟ್ಟಿ ಕ್ರೋಮ್, ಹತ್ತಾರು ಮೈಕ್ರಾನ್ ದಪ್ಪ, ಅಂದಕ್ಕಲ್ಲ ಕೆಲಸಕ್ಕೆ ಹಾಕಿದ್ದು. ಆಯಿಲ್ ಸೀಲ್ ಅದರ ಮೇಲೆ ಜಾರಬೇಕು. ಚುಕ್ಕೆ ಸೀಲ್ ಓಡಾಡುವ ಜಾಗದಲ್ಲಿದ್ದರೆ ಅದರ ಅಂಚು ಸೀಲನ್ನು ಕೊಯ್ಯುತ್ತದೆ, ಎಣ್ಣೆ ಸೋರುತ್ತದೆ, ಆ ಎಣ್ಣೆ ಬ್ರೇಕ್‌ಗೂ ಇಳಿಯಬಹುದು. ಉಗುರು ಆಡಿಸಿ ನೋಡಿ. ಉಗುರಿಗೆ ಸಿಗದಿದ್ದರೆ ಫಾಯಿಲ್ ಸಾಕು. ಸಿಕ್ಕಿದರೆ ಮೆಕ್ಯಾನಿಕ್‌ಗೆ ತೋರಿಸಿ. ತೂತು ತುಂಬಿ ನಯ ಮಾಡುವವರಿದ್ದಾರೆ. ಜಾಸ್ತಿ ಇದ್ದರೆ ಪೈಪ್ ಬದಲಾಯಿಸಬೇಕು.

ಪೀಣ್ಯ_ಪ್ಲೇಟರ್

ನಾನು ಪ್ಲೇಟಿಂಗ್ ಕೆಲಸದಲ್ಲಿರುವವನು. ಇಲ್ಲಿಯವರೆಗೆ ಯಾರೂ ರೀಕ್ರೋಮ್ ಮಾಡಿಸಿ ಅಂತ ಹೇಳದಿದ್ದಕ್ಕೆ ಖುಷಿಯಾಯಿತು. ಚುಕ್ಕೆ ಬಿದ್ದಿದೆ ಅಂತ ಹಳೇ ಭಾಗ ತಂದು ಕೊಡುವವರಿಗೆ ನಾನೇ ಬೇಡ ಅನ್ನುತ್ತೇನೆ. ಪದರ ಸಿಪ್ಪೆಯಾಗಿ ಏಳುತ್ತಿದ್ದರೆ, ಉಕ್ಕು ಬರಿದಾಗಿದ್ದರೆ ಮಾತ್ರ ಮಾಡಿಸಿ.

ಮಾಡಿಸುವುದಾದರೆ ಅಂಗಡಿಯಲ್ಲಿ ಕೇಳಬೇಕಾದ್ದು ಹೊಳಪಿನ ಬಗ್ಗೆ ಅಲ್ಲ, ನಿಕ್ಕಲ್ ಬಗ್ಗೆ. ಹಳೇ ಪದರ ಪೂರ್ತಿ ತೆಗೆಯುತ್ತೀರಾ? ಗುಂಡಿ ಮುಚ್ಚಲು ತಾಮ್ರ ಹಾಕಿ ಪಾಲಿಶ್ ಮಾಡುತ್ತೀರಾ? ನಿಕ್ಕಲ್ ಎಷ್ಟು ಮೈಕ್ರಾನ್? ಮಳೆ ಬಿಸಿಲಿಗೆ ನಿಲ್ಲುವ ಭಾಗಕ್ಕೆ 20ರಿಂದ 30 ಮೈಕ್ರಾನ್ ನಿಕ್ಕಲ್ ಬೇಕು. ಅಗ್ಗದ ಕೆಲಸದಲ್ಲಿ ತೆಳ್ಳಗೆ ನಿಕ್ಕಲ್ ಹಾಯಿಸಿ, ಮೇಲೆ ಕ್ರೋಮ್ ಬಿಟ್ಟು ಕೊಡುತ್ತಾರೆ. ತಂದ ದಿನ ಎರಡೂ ಒಂದೇ ಥರ ಕಾಣುತ್ತವೆ. ಒಂದು ಮಳೆಗಾಲ ಕಳೆಯಲಿ, ಗೊತ್ತಾಗುತ್ತದೆ. ಶೇಕಡಾ ತೊಂಬತ್ತು ಕೆಲಸ ಪಾಲಿಶ್ ಮಾಡುವವನ ಕೈಯಲ್ಲಿದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಕೆಳಗಿನ ಗೀರು ಯಾವುದನ್ನೂ ಕ್ರೋಮ್ ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಹಳೇ ಜಾವಾ ಟ್ಯಾಂಕಿನ ಪಕ್ಕಗಳಿಗೆ ಕ್ರೋಮ್ ಬೇಕು ಅನ್ನುವವರು ಇನ್ನೂ ಎಚ್ಚರ ಇರಲಿ. ಟ್ಯಾಂಕ್ ಪೂರ್ತಿ ಕ್ರೋಮ್ ಮಾಡಿ, ಆಮೇಲೆ ಬಣ್ಣ ಬರುವ ಜಾಗವನ್ನು ಒರಟು ಮಾಡಿ ಪೇಂಟ್ ಹೊಡೆಯುವುದು ರೂಢಿ. ಪ್ಲೇಟಿಂಗ್ ತೊಟ್ಟಿಯ ಆಸಿಡ್ ಒಳಗೆ ಹೋದರೆ ಟ್ಯಾಂಕ್ ಒಳಗಿಂದ ತುಕ್ಕಾಗುತ್ತದೆ. ಎಲ್ಲ ಬಾಯಿಗಳೂ ಮುಚ್ಚಿರಬೇಕು.

ಸ್ಪೋಕ್, ಸ್ಪ್ರಿಂಗ್, ಗಟ್ಟಿ ಬೋಲ್ಟ್‌ಗಳನ್ನು ಸುಮ್ನೆ ಕ್ರೋಮ್‌ಗೆ ಕೊಡಬೇಡಿ. ತೊಟ್ಟಿಯಲ್ಲಿ ಹೈಡ್ರೋಜನ್ ಲೋಹದೊಳಗೆ ಸೇರಿ ಗಟ್ಟಿ ಉಕ್ಕು ಪೆಡಸಾಗುತ್ತದೆ. ಪ್ಲೇಟಿಂಗ್ ಆದ ಕೂಡಲೇ ಒಲೆಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟು ಅದನ್ನು ಹೊರಗೆ ಹಾಕಬೇಕು. ಎಲ್ಲ ಅಂಗಡಿಗಳೂ ಮಾಡುವುದಿಲ್ಲ. ಓಡುವಾಗ ಸ್ಪೋಕ್ ಮುರಿಯುವುದು ತಮಾಷೆಯಲ್ಲ.

ಸೋಮವಾರಪೇಟೆ_ಮಳೆ

ಮನೆಯಲ್ಲೇ ಬ್ಯಾಟರಿ ಚಾರ್ಜರ್, ಬಟ್ಟೆ ಸೋಡಾ ನೀರು ಇಟ್ಟುಕೊಂಡು ತುಕ್ಕು ತೆಗೆಯುವ ವಿಡಿಯೊಗಳು ಬರುತ್ತವಲ್ಲ, ಅದು ಹೇಗೆ?

ಪೀಣ್ಯ_ಪ್ಲೇಟರ್

ಬರಿ ಕಬ್ಬಿಣದ ಭಾಗಕ್ಕೆ ಅದು ಒಳ್ಳೆಯ ಉಪಾಯ. ಕ್ರೋಮ್ ಇರುವ ಭಾಗಕ್ಕೆ ಬೇಡ, ಸಡಿಲವಾದ ಪದರ ಎದ್ದು ಬರುತ್ತದೆ. ಇನ್ನೊಂದು ಮಾತು, ಅದರಲ್ಲಿ ಎದುರು ಕಂಬಿಯಾಗಿ (ಚಾರ್ಜರ್‌ನ ಪ್ಲಸ್ ತಂತಿ ಕಟ್ಟುವ ಲೋಹವಾಗಿ) ಸ್ಟೇನ್‌ಲೆಸ್ ಚಮಚ, ತಟ್ಟೆ ಎಂದಿಗೂ ಇಡಬೇಡಿ. ಸ್ಟೇನ್‌ಲೆಸ್‌ನಲ್ಲಿರುವ ಕ್ರೋಮಿಯಂ ಕರಗಿ ಹೆಕ್ಸಾವೇಲೆಂಟ್ ರೂಪಕ್ಕೆ ಬರುತ್ತದೆ, ನೀರು ಹಳದಿಯಾಗುತ್ತದೆ. ಅದು ಕ್ಯಾನ್ಸರ್ ತರುವ ವಿಷ. ನಮ್ಮ ಕ್ರೋಮಿಕ್ ಆಸಿಡ್ ತೊಟ್ಟಿಯಲ್ಲಿರುವುದೂ ಅದೇ.

ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದ್ದು ಎಲ್ಲರಿಗೂ ಗೊತ್ತಿರುವ ವಿಷಯ. ಒಂದು ಬೋರ್‌ವೆಲ್ ಕೆಟ್ಟರೆ ಅದನ್ನು ಸರಿ ಮಾಡುವವರಿಲ್ಲ. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ಕ್ರೋಮಿಯಂ ಟ್ರೈಆಕ್ಸೈಡ್ (ಕ್ರೋಮಿಕ್ ಆಸಿಡ್ ತೊಟ್ಟಿಗೆ ಹಾಕುವ ಪದಾರ್ಥ) ಬಳಸಲು ವಿಶೇಷ ಅನುಮತಿ ಬೇಕು. ಟ್ರೈವೇಲೆಂಟ್ ಕ್ರೋಮ್ ಅಂತ ಇನ್ನೊಂದು ವಿಧಾನ ಇದೆ, ಅಪಾಯ ಕಮ್ಮಿ, ಬಣ್ಣದಲ್ಲಿ ಒಂದು ಚೂರು ವ್ಯತ್ಯಾಸ. ತ್ಯಾಜ್ಯ ನೀರನ್ನು ಸಂಸ್ಕರಿಸುವ ವ್ಯವಸ್ಥೆ ಇರುವ ಅಂಗಡಿಗೇ ಕೆಲಸ ಕೊಡಿ. ನಾಲ್ಕು ಕಾಸು ಜಾಸ್ತಿ ಕೇಳಿದರೂ ಕೊಡಿ. ಇದ್ದ ಕ್ರೋಮ್ ಉಳಿಸಿಕೊಳ್ಳುವುದು ನೀರಿಗೂ ಒಳ್ಳೆಯದು.

ಬುಲೆಟ್_ಹಾಸನ

ಕ್ರೋಮಿಯಂ ಅದಿರು ನಮ್ಮ ಜಿಲ್ಲೆಯಲ್ಲೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇತ್ತು. ಅದರ ಪಕ್ಕದ ದಾರಿಯಲ್ಲಿ ಎಷ್ಟೋ ಸಲ ಗಾಡಿ ಓಡಿಸಿದ್ದೇನೆ.

ಸೋಮವಾರಪೇಟೆ_ಮಳೆ

ಮಳೆ ಸೀಮೆಯವರ ಕಷ್ಟ ಸ್ವಲ್ಪ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಡಿ ಒಣಗುವುದೇ ಇಲ್ಲ. ಕೆಂಪು ಮಣ್ಣು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಮೇಲಿಂದ ಫಳಫಳ, ಕೆಳಗಿಂದ ತುಕ್ಕು. ಅದಕ್ಕೇ ನಾನು ಮೇಲಿನ ಹೊಳಪಿಗಿಂತ ಒಳಗಿನ ಮಣ್ಣಿಗೆ ಹೆಚ್ಚು ಗಮನ ಕೊಡುತ್ತೇನೆ.

ಪ್ಲಾಸ್ಟಿಕ್ ಕವರ್ ಹೊದಿಸುವುದು ನಮ್ಮ ಕಡೆ ದೊಡ್ಡ ತಪ್ಪು ನಂಬಿಕೆ. ನೆಲದ ತೇವ ಒಳಗೇ ಸಿಕ್ಕಿಕೊಂಡು ಬೆಳಿಗ್ಗೆ ಕವರ್ ತೆಗೆದರೆ ಹನಿ ಹನಿ ಇರುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಇರಲಿ. ಇಲ್ಲದಿದ್ದರೆ ಮಾಡಿನ ಕೆಳಗೆ ಹಾಗೇ ನಿಲ್ಲಿಸಿ. ತೊಳೆದ ಮೇಲೆ ಎರಡು ಮೂರು ಕಿಲೋಮೀಟರ್ ಓಡಿಸಿ ಬಂದರೆ ಎಂಜಿನ್ ಶಾಖಕ್ಕೆ ಸಂದಿಯ ನೀರು ಆರುತ್ತದೆ.

ತೆಂಗಿನೆಣ್ಣೆ ಸವರುವವರು ಇದ್ದಾರೆ. ಮಳೆಗಾಲಕ್ಕೆ ಪರವಾಗಿಲ್ಲ, ಆದರೆ ಬೇಸಿಗೆಯಲ್ಲಿ ಧೂಳು ಹಿಡಿದು ಅಂಟಾಗುತ್ತದೆ. ನನಗೆ ಕಾರ್ನೌಬಾ ವ್ಯಾಕ್ಸ್ ಚೆನ್ನಾಗಿ ಬಂದಿದೆ. ಹ್ಯಾಂಡಲ್, ರಿಮ್, ಮಡ್‌ಗಾರ್ಡ್‌ಗೆ ಅದು. ಬೆಂಡ್ ಪೈಪ್ ಮೇಲೆ ವ್ಯಾಕ್ಸ್ ನಿಲ್ಲುವುದಿಲ್ಲ, ಸುಟ್ಟು ಹೋಗುತ್ತದೆ. ಅದನ್ನು ಸ್ವಚ್ಛ, ಒಣ ಇಟ್ಟರೆ ಸಾಕು.

ಮಿಚಿಗನ್_ಕನ್ನಡಿಗ

ಇಲ್ಲಿ ಚಳಿಗಾಲಕ್ಕೆ ಗಾಡಿ ತಿಂಗಳುಗಟ್ಟಲೆ ನಿಲ್ಲುತ್ತದೆ. ನಿಲ್ಲಿಸುವ ಮುಂಚೆ ಕ್ರೋಮ್‌ಗೆಲ್ಲ ತೆಳ್ಳಗೆ ಎಣ್ಣೆ ಸವರುತ್ತೇವೆ. ವಸಂತದಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಸೈಲೆನ್ಸರ್‌ನ ಎಣ್ಣೆ ಒರೆಸಬೇಕು, ಇಲ್ಲದಿದ್ದರೆ ಸುಟ್ಟು ಕಲೆ ಕೂರುತ್ತದೆ. ಹಿಮಕ್ಕೆ ರಸ್ತೆಯಲ್ಲಿ ಉಪ್ಪು ಸುರಿಯುತ್ತಾರೆ, ಮೊದಲ ಜೋರು ಮಳೆ ಆ ಉಪ್ಪು ತೊಳೆಯುವವರೆಗೆ ನಾನು ಗಾಡಿ ಹೊರಗೆ ತೆಗೆಯುವುದೇ ಇಲ್ಲ.

ಎರಡು_ಸ್ಟ್ರೋಕ್

ಆಯುಧ ಪೂಜೆ ಹತ್ತಿರ ಬಂತು, ಅದನ್ನೂ ಸೇರಿಸಿಬಿಡೋಣ. ಪೂಜೆ ಚೆನ್ನಾಗಿ ಮಾಡಿ, ಅರಿಶಿನ ಕುಂಕುಮ ಧಾರಾಳವಾಗಿ ಹಚ್ಚಿ. ಆದರೆ ನಿಂಬೆ ರಸ ಬಿದ್ದ ಜಾಗ, ಒದ್ದೆ ಕುಂಕುಮ, ಬಾಳೆಕಂದಿನ ರಸ ಇವನ್ನು ವಾರಗಟ್ಟಲೆ ಬಿಡಬೇಡಿ. ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೂವಿನ ಹಾರ ಕಟ್ಟುವ ತಂತಿ ಹ್ಯಾಂಡಲ್ ಮೇಲೆ ಗೀರು ಹಾಕುತ್ತದೆ, ದಾರ ಬಳಸಿ.

ಬೋರ್ ನೀರಿನಲ್ಲಿ ತೊಳೆಯುವವರಿಗೆ ಬಿಳಿ ಕಲೆ ಬರುತ್ತದೆ. ಅದು ಸುಣ್ಣ, ತುಕ್ಕಲ್ಲ. ವಿನೆಗರ್‌ಗೆ ನೀರು ಬೆರೆಸಿ ಒರೆಸಿ, ಕೂಡಲೇ ಒಳ್ಳೆ ನೀರಲ್ಲಿ ತೊಳೆದು ಒಣಗಿಸಿ. ನೀರು ತಾನಾಗಿ ಆರುವ ಮುಂಚೆ ಒರೆಸಿದರೆ ಕಲೆ ಬರುವುದೇ ಇಲ್ಲ.

ಕಬಿನಿ_ಯೆಜ್ಡಿ

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಸೈಲೆನ್ಸರ್ ಮುಗಿಸಿದ್ದೇನೆ. ಫಾಯಿಲ್‌ಗೇ ಮುಕ್ಕಾಲು ಪಾಲು ಚುಕ್ಕೆ ಹೋಯಿತು. ಹತ್ತಿರ ಹೋಗಿ ನೋಡಿದರೆ ಸೂಜಿ ಮೊನೆಯಷ್ಟು ಗುಂಡಿಗಳು ಕಾಣುತ್ತವೆ, ಎರಡು ಅಡಿ ದೂರದಿಂದ ಏನೂ ಕಾಣುವುದಿಲ್ಲ. ಪ್ಲಗ್ ಬೆಳ್ಳಗೇ ಇತ್ತು. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಹರಿದಿತ್ತು, ಬದಲಾಯಿಸಿದೆ. ನೀಲಿಯನ್ನು ಸದ್ಯಕ್ಕೆ ಮುಟ್ಟಿಲ್ಲ.

ಈಗ ಉಳಿದದ್ದು ರಿಮ್. ಸ್ಪೋಕ್ ನಿಪ್ಪಲ್ (ಸ್ಪೋಕನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್) ಸುತ್ತ ಎಷ್ಟು ಉಜ್ಜಿದರೂ ನಾಲ್ಕು ದಿನಕ್ಕೆ ಕಂದು ನೀರು ಇಳಿದ ಗುರುತು ಮತ್ತೆ ಬರುತ್ತಿದೆ.

ಹಳೇಗಾಡಿ

ಗ್ಯಾಸ್ಕೆಟ್ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು.

ರಿಮ್ ಹೊರಗಿಂದ ಉಜ್ಜುವುದು ನಿಲ್ಲಿಸಿ. ತುಕ್ಕು ಒಳಗಿಂದ ಬರುತ್ತಿದೆ. ಪ್ಲೇಟಿಂಗ್ ಮಾಡುವಾಗ ರಿಮ್ಮಿನ ಒಳಪಾತ್ರಕ್ಕೆ ಪದರ ಸರಿಯಾಗಿ ಕೂರುವುದಿಲ್ಲ. ಸ್ಪೋಕ್ ತೂತಿನಿಂದ ಇಳಿದ ನೀರು ಟ್ಯೂಬ್ ಕೆಳಗೆ ನಿಲ್ಲುತ್ತದೆ. ಟೈರ್ ಬಿಚ್ಚಿಸಿ ನೋಡಿ. ಮೇಲ್ಮೈ ತುಕ್ಕು ಆಗಿದ್ದರೆ ಒಳಗೆ ಎಮರಿ ಹಾಕಬಹುದು, ಅಲ್ಲಿ ಅಂದದ ಪ್ರಶ್ನೆ ಇಲ್ಲ. ಒಣಗಿಸಿ ಸತುವಿನ ಪ್ರೈಮರ್ ಹೊಡೆಯಿರಿ. ಸ್ಕ್ರೂಡ್ರೈವರ್ ಮೊನೆಯಲ್ಲಿ ಒತ್ತಿದಾಗ ಉಕ್ಕು ಪದರಪದರವಾಗಿ ಏಳುತ್ತಿದ್ದರೆ, ನಿಪ್ಪಲ್ ತೂತು ದೊಡ್ಡದಾಗಿದ್ದರೆ ಆ ರಿಮ್ ಬಳಸಬೇಡಿ, ಎಷ್ಟೇ ಹೊಳೆಯುತ್ತಿರಲಿ.

ಕಬಿನಿ_ಯೆಜ್ಡಿ

ಸರಿ, ಭಾನುವಾರ ಟೈರ್ ಬಿಚ್ಚಿಸುತ್ತೇನೆ. ಮುಂಚೆಯೇ ತಂದಿಟ್ಟುಕೊಳ್ಳಬೇಕಾದ್ದು ಏನಾದರೂ ಇದೆಯಾ?

ಹಳೇಗಾಡಿ

ಹೊಸ ರಿಮ್ ಟೇಪ್ (ಸ್ಪೋಕ್ ತುದಿ ಟ್ಯೂಬ್‌ಗೆ ತಾಗದ ಹಾಗೆ ಹಾಕುವ ಪಟ್ಟಿ) ಎರಡು. ಹಳೆಯದು ತೆಗೆಯುವಾಗ ಹರಿದೇ ಬರುತ್ತದೆ. ಟೈರ್ ಅಂಗಡಿಯವರಿಗೆ ಲಿವರ್ ಕೆಳಗೆ ಹಳೇ ಟ್ಯೂಬಿನ ತುಂಡು ಇಟ್ಟು ಎಬ್ಬಿಸಲು ಹೇಳಿ, ರಿಮ್ ಅಂಚಿನ ಕ್ರೋಮ್ ಉಳಿಯುತ್ತದೆ. ಒಳಗಿನ ಫೋಟೊ ಹಾಕಿ, ನೋಡೋಣ.